ಬಸ್ ಎಣಿಸೋದಾ, ತಲೆ ಎಣಿಸೋದಾ: ನಿದ್ರಾಸುಂದರಿಯ ನಾಣ್ಯದ ಲೆಕ್ಕ

ಬೆಳಿಗ್ಗೆ ಎಂಟೂವರೆ ಬಸ್ಸಲ್ಲಿ ಒಂದು ಕಾಲು ಫುಟ್‌ಬೋರ್ಡ್ ಮೇಲಿಟ್ಟು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಚಿಲ್ಲರೆ ಹಿಡ್ಕೊಂಡು ನಿಂತಿರೋರನ್ನ "ಈ ರೂಟಲ್ಲಿ ಬಸ್ಸು ಎಷ್ಟು ರಶ್ ಇರುತ್ತೆ" ಅಂತ ಕೇಳಿದ್ರೆ, ಉಸಿರಾಡೋಕೂ ಜಾಗ ಇರಲ್ಲ ಅಂತಾರೆ. ಅದೇ ಪ್ರಶ್ನೆನ ಟಿಕೆಟ್ ಲೆಕ್ಕ ಇಡೋರ ಹತ್ರ ಕೇಳಿದ್ರೆ ಅವರು ಬೇರೆ ನಂಬರ್ ಹೇಳ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ರೂಟಲ್ಲಿ ಎರಡೇ ಬಸ್ಸು ಅಂದ್ಕೊಳ್ಳಿ, ಒಂದರಲ್ಲಿ 90 ಜನ, ಅದರ ಹಿಂದೇನೇ ಬಂದ ಇನ್ನೊಂದರಲ್ಲಿ 10 ಜನ. ಬಸ್ ಲೆಕ್ಕದಲ್ಲಿ ಸರಾಸರಿ 50. ಆದ್ರೆ ಒಟ್ಟು 100 ಜನ ಪ್ರಯಾಣಿಕರನ್ನ ಒಬ್ಬೊಬ್ಬರನ್ನೇ ನಿಲ್ಲಿಸಿ "ನಿಮ್ಮ ಬಸ್ಸಲ್ಲಿ ಎಷ್ಟು ಜನ ಇದ್ರು" ಅಂತ ಕೇಳಿದ್ರೆ, 90 ಜನ "ತೊಂಬತ್ತು" ಅಂತಾರೆ, 10 ಜನ "ಹತ್ತು" ಅಂತಾರೆ, ಸರಾಸರಿ ತೆಗೆದ್ರೆ 82 ಬರುತ್ತೆ. ಇಬ್ಬರೂ ಸುಳ್ಳು ಹೇಳ್ತಿಲ್ಲ, ಒಬ್ಬರು ಬಸ್ ಎಣಿಸಿದ್ರು, ಇನ್ನೊಬ್ಬರು ತಲೆ ಎಣಿಸಿದ್ರು, ಅಷ್ಟೇ.

ಹಾಗಾದ್ರೆ ಸರಿಯಾದ ನಂಬರ್ 50ಆ, 82ಆ? ಎಷ್ಟು ಡೀಸೆಲ್ ಬೇಕು, ಎಷ್ಟು ಡ್ರೈವರ್ ಬೇಕು ಅಂತ ನೋಡೋರಿಗೆ 50 ಸರಿ. ನಾಳೆ ಹೊಸದಾಗಿ ಆ ರೂಟಲ್ಲಿ ಓಡಾಡೋ ಒಬ್ಬ ಅಜ್ಜಿಗೆ ಸೀಟು ಸಿಗುತ್ತಾ ಅಂತ ಯೋಚಿಸೋರಿಗೆ 82ರ ಲೆಕ್ಕಾನೇ ಹತ್ರ. ಪ್ರಶ್ನೆ ಕೇಳಿದ್ದು ಯಾಕೆ ಅಂತ ಗೊತ್ತಾಗೋ ತನಕ ಉತ್ತರ ಪೂರ್ತಿ ಆಗಲ್ಲ. ಬಸ್ ವಿಷಯದಲ್ಲಿ ಇದು ಎಲ್ಲರಿಗೂ ಸಲೀಸಾಗಿ ಅರ್ಥ ಆಗುತ್ತೆ, ಆದ್ರೆ ಇದೇ ಎಣಿಕೆ ಪ್ರಶ್ನೆ "ನಾನು" ಅನ್ನೋದರ ಹತ್ರ ಬಂದಾಗ ದೊಡ್ಡ ದೊಡ್ಡ ತತ್ವಶಾಸ್ತ್ರಜ್ಞರೂ 25 ವರ್ಷದಿಂದ ಜಗಳ ಆಡ್ತಾ ಇದ್ದಾರೆ, ಆ ಜಗಳ ನನಗೆ ತುಂಬಾ ಮುಖ್ಯ ಅನ್ಸುತ್ತೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ನೋಡೋಕೆ ನಾವು ಇದ್ದೀವಿ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳೋ ಈ ತರದ ಯೋಚನೆಗೆ ಆಂಥ್ರೊಪಿಕ್ ರೀಸನಿಂಗ್ ಅಂತ ಹೆಸರು. ಹೆಸರು ಬಂದಿದ್ದು ಬ್ರಾಂಡನ್ ಕಾರ್ಟರ್ ಅನ್ನೋ ಭೌತವಿಜ್ಞಾನಿಯಿಂದ, 1973ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಕೋಪರ್ನಿಕಸ್ ಹುಟ್ಟಿ 500 ವರ್ಷ ಆದ ನೆನಪಿಗೆ ನಡೆದ ಸಭೆಯಲ್ಲಿ. ಭೂಮಿ ಎಲ್ಲದರ ನಡುವಿನಲ್ಲಿಲ್ಲ, ನಮಗೇನೂ ವಿಶೇಷ ಸ್ಥಾನ ಇಲ್ಲ ಅಂತ ಕೋಪರ್ನಿಕಸ್‌ನಿಂದ ಕಲಿತ್ವಿ, ಅದು ಸರೀನೇ, ಆದ್ರೆ ಒಂದು ಮಟ್ಟಿಗೆ ನಮ್ಮ ಜಾಗ ವಿಶೇಷ ಆಗಿರಲೇಬೇಕು, ಯಾಕಂದ್ರೆ ನೋಡೋರು ಬದುಕೋಕೆ ಆಗದ ಜಾಗದಲ್ಲಿ ನಿಂತು ಯಾರೂ ನೋಡೋಕೆ ಆಗಲ್ಲ ಅನ್ನೋದು ಕಾರ್ಟರ್ ಮಾತಿನ ಸಾರ. ಅದಕ್ಕೂ ಮೊದಲು 1961ರಲ್ಲಿ ರಾಬರ್ಟ್ ಡಿಕ್ ಅನ್ನೋ ಇನ್ನೊಬ್ಬ ಭೌತವಿಜ್ಞಾನಿ ಇದೇ ದಾರಿ ಹಿಡಿದಿದ್ರು. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ ವಯಸ್ಸು, ಯಾಕೆ ಇಷ್ಟು, ಯಾಕೆ ಬರೀ ಒಂದು ಕೋಟಿ ಅಲ್ಲ? ನಮ್ಮ ಮೈಯಲ್ಲಿರೋ ಕಾರ್ಬನ್ ನಕ್ಷತ್ರದ ಒಳಗೆ ಬೆಂದು ಆಗಬೇಕು, ಆ ನಕ್ಷತ್ರ ಸತ್ತು ಅದು ಹೊರಗೆ ಚೆಲ್ಲಬೇಕು, ಆಮೇಲೆ ಅದರಿಂದ ಗ್ರಹ ಆಗಬೇಕು, ಜೀವ ಬರಬೇಕು. ಒಂದು ಕೋಟಿ ವರ್ಷದ ವಿಶ್ವದಲ್ಲಿ "ವಿಶ್ವಕ್ಕೆ ಎಷ್ಟು ವಯಸ್ಸು" ಅಂತ ಕೇಳೋಕೆ ಯಾರೂ ಇರಲ್ಲ.

ಅಲ್ಲಿವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗೋದು ಇದಕ್ಕೆ ನಂಬರ್ ಹಾಕೋಕೆ ಹೊರಟಾಗ, ಮತ್ತೆ ಅದನ್ನ ತೋರ್ಸೋಕೆ ನಿದ್ರಾಸುಂದರಿ ಕತೆಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಕತೆ ಹೀಗೆ. ಒಬ್ಬ ಹುಡುಗಿ ಒಂದು ಪ್ರಯೋಗಕ್ಕೆ ಒಪ್ಕೋತಾಳೆ, ನಿಯಮ ಎಲ್ಲಾ ಮೊದಲೇ ಅವಳಿಗೆ ಹೇಳಿರ್ತಾರೆ. ಭಾನುವಾರ ರಾತ್ರಿ ಅವಳನ್ನ ನಿದ್ದೆ ಮಾಡ್ಸಿ ಒಂದು ನಾಣ್ಯ ಚಿಮ್ತಾರೆ. ಹೆಡ್ ಬಿದ್ರೆ ಸೋಮವಾರ ಒಂದು ಸಲ ಎಬ್ಬಿಸ್ತಾರೆ, ಅಷ್ಟೇ. ಟೇಲ್ ಬಿದ್ರೆ ಸೋಮವಾರ ಎಬ್ಬಿಸ್ತಾರೆ, ಮತ್ತೆ ಮಲಗ್ಸಿ, ಆ ಎದ್ದಿದ್ದ ನೆನಪನ್ನ ಔಷಧಿ ಕೊಟ್ಟು ಅಳಿಸಿ, ಮಂಗಳವಾರ ಇನ್ನೊಂದು ಸಲ ಎಬ್ಬಿಸ್ತಾರೆ. ರೂಮಲ್ಲಿ ಕಿಟಕಿ ಇಲ್ಲ, ಕ್ಯಾಲೆಂಡರ್ ಇಲ್ಲ, ಪ್ರತಿ ಸಲ ಎದ್ದಾಗಲೂ ಅದೇ ಮಂಚ, ಅದೇ ದೀಪ. ಕಣ್ಣು ಬಿಟ್ಟ ತಕ್ಷಣ ಅವಳನ್ನ ಕೇಳ್ತಾರೆ: ನಾಣ್ಯ ಹೆಡ್ ಬಿದ್ದಿರೋ ಚಾನ್ಸ್ ಎಷ್ಟು?

ನಮ್ಮಕ್ಕನ ಮಗಳು ಸೆಕೆಂಡ್ ಪಿಯುಸಿ, ಅವಳಿಗೆ ಇದನ್ನ ಹೇಳಿದಾಗ "ಅರ್ಧ ಮಾಮ, ಇದ್ರಲ್ಲೇನಿದೆ" ಅಂದ್ಲು. ಸರಿ ಮಾಡೇ ನೋಡೋಣ ಅಂತ ಹಾಲಲ್ಲಿ ನೆಲದ ಮೇಲೆ ಕೂತು ಎರಡು ರೂಪಾಯಿ ನಾಣ್ಯನ 60 ಸಲ ಚಿಮ್ಮಿದ್ವಿ. ಸಿಂಹದ ಮುಖ ಬಿದ್ರೆ ಹೆಡ್, ಅವಳ ಲಾಂಗ್ ನೋಟ್‌ಬುಕ್ ಕೊನೇ ಪುಟದಲ್ಲಿ ಒಂದು ಗೀಟು. ಟೇಲ್ ಬಿದ್ರೆ ಎರಡು ಗೀಟು, ಯಾಕಂದ್ರೆ ಎರಡು ಸಲ ಏಳ್ತಾಳೆ. ನಾಣ್ಯ ಒಂದೆರಡು ಸಲ ಸೋಫಾ ಕೆಳಗೆ ಹೋಯ್ತು, ಅದನ್ನ ಬಿಟ್ಟು ಮತ್ತೆ ಚಿಮ್ಮಿದ್ವಿ. ಕೊನೆಗೆ 28 ಹೆಡ್, 32 ಟೇಲ್. ಗೀಟುಗಳು 28 ಪ್ಲಸ್ 64, ಅಂದ್ರೆ 92. "ಈಗ ಕಣ್ಣು ಮುಚ್ಕೊಂಡು ಒಂದು ಗೀಟಿನ ಮೇಲೆ ಬೆರಳಿಡು, ಅದು ಹೆಡ್ಡಿನ ಗೀಟು ಆಗಿರೋ ಚಾನ್ಸ್ ಎಷ್ಟು?" ಅಂದೆ. 92ರಲ್ಲಿ 28, ಸುಮಾರು ಮೂರರಲ್ಲೊಂದು. ಅವಳು ಸ್ವಲ್ಪ ಹೊತ್ತು ಆ ಪುಟಾನೇ ನೋಡಿ, "ಮಾಮ, ನೀನು ಟೇಲನ್ನ ಎರಡೆರಡು ಸಲ ಎಣಿಸ್ತಿದ್ದೀಯ, ನಾಣ್ಯ ಬಿದ್ದಿರೋದು 60 ಸಲ, ಹೆಡ್ ಬಂದಿರೋದು 28 ಸಲ, ಅದು ಅರ್ಧಾನೇ" ಅಂದ್ಲು. ನಿದ್ರಾಸುಂದರಿ ಎರಡು ಸಲ ಎದ್ದಿದ್ದು ನಿಜ ಅಲ್ವಾ ಅಂದೆ. ನಾಣ್ಯ ಒಂದೇ ಸಲ ಬಿದ್ದಿದ್ದೂ ನಿಜ ಅಲ್ವಾ ಅಂದ್ಲು.

ಆ ಹಾಲಲ್ಲಿ ನಡೆದ ಜಗಳಾನೇ 2000 ಮತ್ತು 2001ರಲ್ಲಿ "ಅನಾಲಿಸಿಸ್" ಅನ್ನೋ ತತ್ವಶಾಸ್ತ್ರದ ಪತ್ರಿಕೆಯಲ್ಲಿ ನಡೆದಿದ್ದು. 2000ದಲ್ಲಿ ಆಡಮ್ ಎಲ್ಗಾ ಉತ್ತರ ಮೂರರಲ್ಲೊಂದು ಅಂತ ವಾದಿಸಿದ್ರು. ಅವರ ವಾದ ಬರೀ ಗೀಟು ಎಣಿಸೋದಲ್ಲ. ಟೇಲ್ ಬಿದ್ದಿದೆ ಅಂತ ಅವಳಿಗೆ ಹೇಳಿದ್ರೆ ಇವತ್ತು ಸೋಮವಾರವೋ ಮಂಗಳವಾರವೋ ಅನ್ನೋದಕ್ಕೆ ಯಾವ ಕಡೆ ವಾಲೋಕೂ ಕಾರಣ ಇಲ್ಲ, ಆದ್ರಿಂದ ಅವೆರಡೂ ಸಮ. ಇನ್ನು ಇವತ್ತು ಸೋಮವಾರ ಅಂತ ಹೇಳಿದ್ರೆ, ನೋಡಿ, ಸೋಮವಾರ ಹೇಗಿದ್ರೂ ಎಬ್ಬಿಸಲೇಬೇಕು, ಹಾಗಾಗಿ ನಾಣ್ಯನ ಸೋಮವಾರ ರಾತ್ರಿ ಚಿಮ್ಮಿದ್ರೂ ಪ್ರಯೋಗ ಬದಲಾಗಲ್ಲ, ಇನ್ನೂ ಚಿಮ್ಮದೇ ಇರೋ, ಮೋಸ ಇಲ್ಲದ ನಾಣ್ಯಕ್ಕೆ ಅರ್ಧರ್ಧ ಅಂತಲ್ಲದೆ ಬೇರೆ ಏನು ಹೇಳೋಕಾಗುತ್ತೆ? ಆದ್ರಿಂದ ಹೆಡ್-ಸೋಮವಾರ, ಟೇಲ್-ಸೋಮವಾರ ಇವೆರಡೂ ಸಮ. ಮೂರೂ ಒಂದಕ್ಕೊಂದು ಸಮ ಆದ್ರೆ ಒಂದೊಂದಕ್ಕೆ ಮೂರರಲ್ಲೊಂದು.

ಮುಂದಿನ ವರ್ಷ ಡೇವಿಡ್ ಲೂಯಿಸ್ ಉತ್ತರ ಕೊಟ್ರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ್ರು. ಅವರದ್ದು ನಮ್ಮ ಹುಡುಗಿ ಪಕ್ಷ. ಭಾನುವಾರ ಮಲಗೋವಾಗ ನಿದ್ರಾಸುಂದರಿ ಅರ್ಧ ಅಂತಿದ್ಲು. ಒಂದು ಸಲ ಆದ್ರೂ ಏಳ್ತೀನಿ ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಈಗ ಎದ್ದಿದ್ದಾಳೆ, ಹೊಸದಾಗಿ ನಾಣ್ಯದ ಬಗ್ಗೆ ಏನೂ ತಿಳೀಲಿಲ್ಲ, ಹೊಸ ಸಾಕ್ಷಿ ಇಲ್ಲದೆ ಅಭಿಪ್ರಾಯ ಯಾಕೆ ಬದಲಾಗಬೇಕು? ಇದು ಕೇಳೋಕೆ ತುಂಬಾ ಸರಿಯಾಗಿದೆ, ಆದ್ರೆ ಇದಕ್ಕೆ ಒಂದು ಬೆಲೆ ಕೊಡಬೇಕಾಗುತ್ತೆ. ಹೆಡ್‌ಗೆ ಅರ್ಧ ಕೊಟ್ಟು ಉಳಿದ ಅರ್ಧನ ಟೇಲ್‌ನ ಎರಡು ದಿನಕ್ಕೆ ಕಾಲು ಕಾಲು ಹಂಚಿದ್ರೆ, "ಇವತ್ತು ಸೋಮವಾರ" ಅಂತ ಹೇಳಿದ ತಕ್ಷಣ ಹೆಡ್‌ನ ಚಾನ್ಸ್ ಮೂರರಲ್ಲೆರಡು ಆಗಿಬಿಡುತ್ತೆ. ಅಂದ್ರೆ ರಾತ್ರಿ ಚಿಮ್ಮಬೇಕಾದ ನಾಣ್ಯ, ಯಾವ ಮೋಸವೂ ಇಲ್ಲದ ನಾಣ್ಯ, ಹೆಡ್ ಬೀಳೋ ಸಾಧ್ಯತೆ ಮೂರರಲ್ಲೆರಡು ಅಂತ ಅವಳು ನಂಬಬೇಕು! ಲೂಯಿಸ್ ಅದನ್ನೂ ಒಪ್ಕೊಂಡ್ರು.

ಇಲ್ಲಿ ಎರಡೂ ಕಡೆಯವರು ಮಹಾ ಬುದ್ಧಿವಂತರು, ಎರಡೂ ಕಡೆ ವಾದ ಗಟ್ಟಿ, ಆದ್ರೂ ಇತ್ಯರ್ಥ ಆಗ್ತಿಲ್ಲ ಅಂದ್ರೆ ಪ್ರಶ್ನೆಯಲ್ಲೇ ಏನೋ ಬಿಟ್ಟುಹೋಗಿದೆ ಅಂತ ನನಗೆ ಅನ್ಸೋಕೆ ಶುರುವಾಗಿದ್ದು ದುಡ್ಡು ಹಾಕಿ ನೋಡಿದಾಗ.

ಅವಳು ಎದ್ದಾಗೆಲ್ಲಾ ಒಬ್ಬರು ಬಂದು ಒಂದು ಟಿಕೆಟ್ ಮಾರ್ತಾರೆ ಅಂದ್ಕೊಳ್ಳಿ. ಬೆಲೆ 60 ರೂಪಾಯಿ, ನಾಣ್ಯ ಟೇಲ್ ಆಗಿದ್ರೆ 100 ರೂಪಾಯಿ ವಾಪಸ್, ಹೆಡ್ ಆಗಿದ್ರೆ ಏನೂ ಇಲ್ಲ. ಪ್ರತಿ ಸಲ ಎದ್ದಾಗಲೂ ಟಿಕೆಟ್ ಪ್ರತ್ಯೇಕ. ಹೆಡ್ ಆದ್ರೆ ಒಂದು ಟಿಕೆಟ್, 60 ಹೋಯ್ತು. ಟೇಲ್ ಆದ್ರೆ ಎರಡು ಟಿಕೆಟ್, ಒಂದೊಂದಕ್ಕೆ 40 ಲಾಭ, ಒಟ್ಟು 80. ಅರ್ಧ ಸಲ 60 ಕಳ್ಕೊಂಡು ಅರ್ಧ ಸಲ 80 ಗಳಿಸಿದ್ರೆ ಪ್ರಯೋಗಕ್ಕೆ ಸರಾಸರಿ 10 ರೂಪಾಯಿ ಲಾಭ, ತಗೋಬೇಕು. ಇವಳು ಮೂರರಲ್ಲೊಂದು ಅಂತ ನಂಬಿರೋ ಹಾಗೆ ನಡ್ಕೋತಾಳೆ.

ಈಗ ಒಂದೇ ಒಂದು ನಿಯಮ ಬದಲಾಯಿಸೋಣ. ಎಷ್ಟು ಸಲ ಎದ್ರೂ ಪ್ರಯೋಗಕ್ಕೆ ಒಂದೇ ಟಿಕೆಟ್ ಲೆಕ್ಕಕ್ಕೆ, ಎರಡನೇ ಸಲ ತಗೊಂಡ್ರೆ ಅದು ಮೊದಲನೇದರ ಜೆರಾಕ್ಸ್ ಇದ್ದಂಗೆ, ಅದಕ್ಕೆ ದುಡ್ಡು ಕೊಡೋದೂ ಇಲ್ಲ, ಬರೋದೂ ಇಲ್ಲ. ಹೆಡ್ ಆದ್ರೆ 60 ನಷ್ಟ, ಟೇಲ್ ಆದ್ರೆ 40 ಲಾಭ, ಸರಾಸರಿ 10 ರೂಪಾಯಿ ನಷ್ಟ. ತಗೋಬಾರದು. ಈಗ ಅವಳು ಅರ್ಧ ಅಂತ ನಂಬಿರೋ ಹಾಗೆ ನಡ್ಕೊಂಡ್ರೇನೇ ಸರಿ. ಅದೇ ಹುಡುಗಿ, ಅದೇ ನಾಣ್ಯ, ಅದೇ ಮಂಚ, ಗೊತ್ತಿರೋ ವಿಷಯಾನೂ ಅದೇ. ಬದಲಾಗಿದ್ದು ತಪ್ಪಾದ್ರೆ ಎಷ್ಟು ಸಲ ದಂಡ ಕಟ್ಟಬೇಕು ಅನ್ನೋದು ಮಾತ್ರ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಅದು ನ್ಯಾಯವಾದ ಆಕ್ಷೇಪ. ಸಂಭವನೀಯತೆ ಬೇರೆ, ನಮಗೇನು ಬೇಕು ಅನ್ನೋದು ಬೇರೆ ಅಂತ ಅಲ್ವಾ ನಾವು ಕಲಿತಿದ್ದು? ಇವತ್ತು ಮಳೆ ಬರೋ ಚಾನ್ಸ್ 30 ಪರ್ಸೆಂಟ್ ಅಂದ್ರೆ ಅದು ಎಲ್ಲರಿಗೂ 30 ಪರ್ಸೆಂಟೇ, ಅಂಗಳದಲ್ಲಿ ಹಪ್ಪಳ ಒಣಗಿಸಿರೋರು ತಕ್ಷಣ ಒಳಗೆ ತರ್ತಾರೆ, ಸುಮ್ನೆ ವಾಕಿಂಗ್ ಹೋಗೋರು ಛತ್ರಿ ಇಲ್ಲದೇ ಹೋಗ್ತಾರೆ, ಆದ್ರೆ ಇಬ್ಬರಿಗೂ ಮಳೆ ನಂಬರ್ ಒಂದೇ. ನಷ್ಟ ಎಷ್ಟು ಅನ್ನೋದರಿಂದ ಕೆಲಸ ಬದಲಾಗುತ್ತೆ, ನಂಬರ್ ಬದಲಾಗಲ್ಲ. ಇದು ನಿಜ, ಮಳೆ ವಿಷಯದಲ್ಲಿ ಪೂರ್ತಿ ನಿಜ.

ಆದ್ರೆ ಯಾಕೆ ನಿಜ ಅಂತ ನೋಡಿ. ನಾವು ಏನು ಮಾಡ್ತೀವಿ ಅನ್ನೋದನ್ನ ತೀರ್ಮಾನ ಮಾಡೋದು ಎರಡು ಸಂಖ್ಯೆಗಳ ಗುಣಲಬ್ಧ: ಎಷ್ಟು ಚಾನ್ಸ್, ಎಷ್ಟು ಲಾಭ ನಷ್ಟ. ಮಳೆ ವಿಷಯದಲ್ಲಿ ಹಪ್ಪಳದವರೂ ವಾಕಿಂಗ್‌ನವರೂ ಹವಾಮಾನದವರೂ ಎಲ್ಲರೂ ಹೊರಗಡೆ ನಿಂತು ಒಂದೇ ತರ ಎಣಿಸಬಹುದು, ಕಳೆದ ನೂರು ಇಂಥಾ ದಿನಗಳಲ್ಲಿ ಎಷ್ಟು ದಿನ ಮಳೆ ಬಂತು ಅಂತ, ಹಾಗಾಗಿ ಮೊದಲನೇ ಸಂಖ್ಯೆ ಬೇರೆಯಾಗಿ ಸಿಗುತ್ತೆ. ನಿದ್ರಾಸುಂದರಿ ವಿಷಯದಲ್ಲಿ ಹಾಗಿಲ್ಲ. ಟೇಲ್ ಬಿದ್ರೆ ಯೋಚನೆ ಮಾಡೋಳೇ ಎರಡು ಸಲ ಇದ್ದಾಳೆ. ಆ "ಎರಡು" ಅನ್ನೋ ಸಂಖ್ಯೆನ ಎಲ್ಲಿಡೋದು? "ನಾನು ಎದ್ದಿರೋ ಸಲಗಳಲ್ಲಿ ಹೆಚ್ಚಿನವು ಟೇಲ್‌ನವು" ಅಂತ ಚಾನ್ಸ್ ಒಳಗಿಟ್ರೆ ಉತ್ತರ ಮೂರರಲ್ಲೊಂದು, ಆಮೇಲೆ ಈ ಒಂದು ಟಿಕೆಟ್‌ನ ಲಾಭ ನಷ್ಟ ಮಾತ್ರ ನೋಡ್ಬೇಕು. ಇಲ್ಲಾ ಚಾನ್ಸ್ ಅರ್ಧಾನೇ ಇರಲಿ ಅಂತ ಬಿಟ್ಟು, "ಟೇಲ್ ಆಗಿದ್ರೆ ನನ್ನ ಈ ತೀರ್ಮಾನ ಎರಡು ಸಲ ಜಾರಿಗೆ ಬರುತ್ತೆ" ಅಂತ ಲಾಭದ ಕಡೆ ಇಡಬಹುದು. ಎರಡು ದಾರಿಯಲ್ಲೂ ಮೊದಲನೇ ನಿಯಮದ ಟಿಕೆಟ್‌ನ ಸರಿಯಾದ ಬೆಲೆ 66 ರೂಪಾಯಿ ಚಿಲ್ಲರೆ, ಒಂದು ಪೈಸೆ ವ್ಯತ್ಯಾಸ ಬರಲ್ಲ.

ಅಪಾಯ ಇರೋದು ಎರಡೂ ಕಡೆ ಇಟ್ಟಾಗ, ಇದು ನಿಜವಾಗ್ಲೂ ಆಗೋ ತಪ್ಪು. ಚಾನ್ಸಲ್ಲೂ ಎರಡರಷ್ಟು, ಲಾಭದಲ್ಲೂ ಎರಡರಷ್ಟು ಅಂತ ಹಾಕಿದ್ರೆ ಟೇಲ್‌ಗೆ ಒಂದಕ್ಕೆ ನಾಲ್ಕು ತೂಕ ಬಂದು ಟಿಕೆಟ್‌ಗೆ 80 ರೂಪಾಯಿವರೆಗೂ ಕೊಡಬಹುದು ಅನ್ಸಿಬಿಡುತ್ತೆ. 75ಕ್ಕೆ ತಗೊಂಡ್ರೆ ಏನಾಗುತ್ತೆ ನೋಡಿ: ಹೆಡ್‌ಗೆ 75 ನಷ್ಟ, ಟೇಲ್‌ಗೆ 25ರಂತೆ ಎರಡು ಸಲ 50 ಲಾಭ, ಪ್ರಯೋಗಕ್ಕೆ ಸರಾಸರಿ ಹನ್ನೆರಡೂವರೆ ರೂಪಾಯಿ ಕೈಯಿಂದ ಹೋಗುತ್ತೆ. ಅದಕ್ಕೇ ಬರೀ "ನನ್ನ ಸಂಭವನೀಯತೆ ಇಷ್ಟು" ಅಂತ ಹೇಳಿದ್ರೆ ಸಾಲದು, ಅದನ್ನ ಯಾವ ಲಾಭ ನಷ್ಟದ ಲೆಕ್ಕದ ಜೊತೆ ಸೇರಿಸ್ತೀನಿ ಅಂತಾನೂ ಹೇಳ್ಬೇಕು.

ಈ ಮಾತನ್ನ ತುಂಬಾ ಸ್ಪಷ್ಟವಾಗಿ ಹೇಳಿದೋರು ಸ್ಟುವರ್ಟ್ ಆರ್ಮ್‌ಸ್ಟ್ರಾಂಗ್, ಆಗ ಆಕ್ಸ್‌ಫರ್ಡ್‌ನ ಫ್ಯೂಚರ್ ಆಫ್ ಹ್ಯುಮ್ಯಾನಿಟಿ ಇನ್‌ಸ್ಟಿಟ್ಯೂಟ್‌ನಲ್ಲಿದ್ರು. 2011ರಲ್ಲಿ ಅವರು ಬರೆದಿದ್ದಕ್ಕೆ ಆಂಥ್ರೊಪಿಕ್ ಡಿಸಿಷನ್ ಥಿಯರಿ ಅಂತ ಹೆಸರು. ಅವರ ಸಲಹೆ ಏನಂದ್ರೆ "ನಾನು ಯಾರು, ಎಲ್ಲಿದ್ದೀನಿ" ಅನ್ನೋದಕ್ಕೆ ಸಂಭವನೀಯತೆ ಹಚ್ಚೋ ಗೋಜಿಗೇ ಹೋಗೋದು ಬೇಡ, ನನ್ನ ತರಾನೇ ಯೋಚಿಸೋ ಎಲ್ಲರೂ ಒಟ್ಟಿಗೇ ಒಂದೇ ತೀರ್ಮಾನ ತಗೋತಾರೆ ಅಂತ ಇಟ್ಕೊಂಡು, ಯಾವ ತೀರ್ಮಾನದಿಂದ ನಾನು ಬಯಸೋದು ಹೆಚ್ಚು ಸಿಗುತ್ತೆ ಅಂತ ನೋಡು.

ಇದನ್ನ ನಿದ್ದೆ ಬಿಟ್ಟು ಮನುಷ್ಯರ ಮೇಲೆ ಇಟ್ಟು ನೋಡಿದ್ರೆ ಗುರಿಗಳ ಪಾತ್ರ ಎದ್ದು ಕಾಣುತ್ತೆ. ನಾಣ್ಯ ಹೆಡ್ ಬಿದ್ರೆ ಒಂದು ರೂಮಲ್ಲಿ ಒಬ್ಬ ಮನುಷ್ಯ ಸೃಷ್ಟಿ ಆಗ್ತಾನೆ, ಟೇಲ್ ಬಿದ್ರೆ ಎರಡು ರೂಮಲ್ಲಿ ಒಂದೇ ತರದ ಇಬ್ಬರು. ರೂಮಲ್ಲಿ ಎಚ್ಚರ ಆದ ಪ್ರತಿಯೊಬ್ಬರಿಗೂ ಅದೇ 60 ರೂಪಾಯಿ ಟಿಕೆಟ್ ಕೊಡ್ತಾರೆ. ಎಲ್ಲರಿಗೂ ಸೇರಿ ಒಟ್ಟು ಎಷ್ಟು ಒಳ್ಳೇದಾಗುತ್ತೆ ಅಂತ ನೋಡೋ ಮನಸ್ಸಿನವರು ಟೇಲ್ ಆದಾಗ ಇಬ್ಬರ ಲಾಭ ಕೂಡಿಸ್ತಾರೆ, ಟಿಕೆಟ್ ತಗೋತಾರೆ, ಮೂರರಲ್ಲೊಂದು ಅಂತ ನಂಬಿದೋರ ಹಾಗೆ. ಸರಾಸರಿ ಒಬ್ಬೊಬ್ಬರ ಸ್ಥಿತಿ ಹೇಗಿದೆ ಅಂತ ನೋಡೋರು ಟೇಲ್ ಆದಾಗ 80ನ ಇಬ್ಬರಿಗೆ ಭಾಗಿಸಿ 40 ಅಂತಾರೆ, ಹೆಡ್‌ಗೆ 60 ನಷ್ಟ, ಬೇಡ ಅಂತ ಬಿಡ್ತಾರೆ, ಅರ್ಧ ಅಂತ ನಂಬಿದೋರ ಹಾಗೆ. ಪ್ರಪಂಚದ ಬಗ್ಗೆ ಇಬ್ಬರಿಗೂ ಗೊತ್ತಿರೋದು ಒಂದೇ, ಒಬ್ಬರ ಮನಸ್ಸಲ್ಲಿರೋ ಒಳ್ಳೇದು ಕೂಡಿಸೋ ಲೆಕ್ಕ, ಇನ್ನೊಬ್ಬರದ್ದು ಭಾಗಿಸೋ ಲೆಕ್ಕ, ಹೊರಗಿಂದ ನೋಡೋರಿಗೆ ಅವರ ಸಂಭವನೀಯತೆನೇ ಬೇರೆ ಬೇರೆ ಇದ್ದಂಗೆ ಕಾಣುತ್ತೆ.

ಇದನ್ನ "ನಮಗೆ ಬೇಕಾದ್ದು ನಿಜ ಅಂತ ನಂಬೋದು" ಅಂತ ತಪ್ಪು ತಿಳ್ಕೋಬಾರದು, ಅದು ಬೇರೇನೇ ರೋಗ. ಮ್ಯಾಚ್ ಗೆಲ್ಲಲಿ ಅಂತ ಆಸೆ ಇರೋದ್ರಿಂದ ಗೆಲ್ಲೋ ಚಾನ್ಸ್ ಜಾಸ್ತಿ ಅಂತ ಹೇಳಿದ್ರೆ ಅದು ತಪ್ಪು, ಅದಕ್ಕೆ ದಂಡ ಕಟ್ಬೇಕಾಗುತ್ತೆ. ಇಲ್ಲಿ ನಾಣ್ಯ ಯಾರ ಆಸೆಗೂ ಬಗ್ಗಲ್ಲ, ಹೆಡ್ ಅರ್ಧ ಸಲ ಟೇಲ್ ಅರ್ಧ ಸಲ ಅನ್ನೋದು ಎಲ್ಲರೂ ಒಪ್ಪಿರೋ ವಿಷಯ. ಗುರಿ ಬರೋದು ಎಣಿಕೆಯ ಘಟಕ ಯಾವುದು ಅನ್ನೋ ಜಾಗದಲ್ಲಿ ಮಾತ್ರ, ಬಸ್ಸಾ ತಲೆಯಾ, ಚಿಮ್ಮಿದ ಸಲಾನಾ ಎದ್ದ ಸಲಾನಾ.

ನಿದ್ರಾಸುಂದರಿಗೆ ಅಕ್ಕ ಇದ್ದಂಗೆ ಇನ್ನೊಂದು ಕತೆ ಇದೆ, 1997ರಲ್ಲಿ ಪಿಚೋನೆ ಮತ್ತು ರುಬಿನ್‌ಸ್ಟೈನ್ ಅನ್ನೋ ಅರ್ಥಶಾಸ್ತ್ರಜ್ಞರು ಬರೆದಿದ್ದು, ಮರೆವಿನ ಡ್ರೈವರ್ ಕತೆ. ರಾತ್ರಿ ಹೈವೇಲಿ ಮನೆಗೆ ಹೊರಟಿದ್ದಾನೆ, ಒಂದೇ ತರ ಕಾಣೋ ಎರಡು ತಿರುವು. ಮೊದಲನೇದಕ್ಕೆ ತಿರುಗಿದ್ರೆ ಸೊನ್ನೆ ಅಂಕ, ಎರಡನೇದಕ್ಕೆ ತಿರುಗಿದ್ರೆ ಮನೆ, 4 ಅಂಕ, ಎರಡನ್ನೂ ಬಿಟ್ಟು ನೇರ ಹೋದ್ರೆ ಎಲ್ಲೋ ರೂಮ್ ಮಾಡ್ಕೊಂಡು ಮಲಗಬೇಕು, 1 ಅಂಕ. ತಿರುವಿಗೆ ಬಂದಾಗ ಇದು ಮೊದಲನೇದೋ ಎರಡನೇದೋ ನೆನಪಿರಲ್ಲ. ಹೊರಡೋ ಮುಂಚೆ "ನೇರ ಹೋಗು, 1 ಅಂಕ ಆದ್ರೂ ಸಿಗುತ್ತೆ" ಅಂತ ತೀರ್ಮಾನ ಮಾಡಿರ್ತಾನೆ. ಆದ್ರೆ ತಿರುವು ಬಂದಾಗ "ನಾನು ಎರಡನೇದರಲ್ಲಿರೋ ಚಾನ್ಸ್ ಅರ್ಧ, ತಿರುಗಿದ್ರೆ 4ರ ಅರ್ಧ 2 ಸಿಗುತ್ತಲ್ಲ, 1ಕ್ಕಿಂತ ಜಾಸ್ತಿ" ಅನ್ಸುತ್ತೆ, ತಿರುಗ್ತಾನೆ. ಹಾಗೆ ಯೋಚಿಸೋನು ಮೊದಲನೇ ತಿರುವಲ್ಲೂ ಹಾಗೇ ಯೋಚಿಸಿರ್ತಾನಲ್ಲ, ಹಾಗಾಗಿ ಅವನಿಗೆ ಸಿಗೋದು ಸೊನ್ನೆ! ಮೊದಲೇ ಕೂತು ಲೆಕ್ಕ ಹಾಕಿದ್ರೆ ಉತ್ತಮ ಉಪಾಯ ಅಂದ್ರೆ ಪ್ರತಿ ತಿರುವಲ್ಲೂ ಮೂರರಲ್ಲೆರಡು ಚಾನ್ಸ್‌ನಲ್ಲಿ ನೇರ ಹೋಗೋದು, ಸರಾಸರಿ ಒಂದೂ ಮೂರನೇ ಒಂದು ಅಂಕ ಸಿಗುತ್ತೆ. ನಾನು ಈಗ ಎಲ್ಲಿದ್ದೀನಿ ಅನ್ನೋ ಸಂಭವನೀಯತೆ ನಾನು ಹಿಡಿದಿರೋ ಉಪಾಯದ ಮೇಲೇ ನಿಂತಿದೆ ಅನ್ನೋದನ್ನ ಈ ಕತೆ ಬಿಚ್ಚಿ ತೋರ್ಸುತ್ತೆ.

ಇದೆಲ್ಲಾ ಆಟದ ಕತೆ ಅನ್ನೋರಿಗೆ ಡೂಮ್ಸ್‌ಡೇ ವಾದ ಹೇಳ್ಬೇಕು. ಎರಡು ಚೀಲ, ಒಂದರಲ್ಲಿ 1ರಿಂದ 10ರವರೆಗೆ ನಂಬರ್ ಬರೆದ ಚೀಟಿ, ಇನ್ನೊಂದರಲ್ಲಿ 1ರಿಂದ 1000ದವರೆಗೆ. ಯಾವುದೋ ಒಂದು ಚೀಲಕ್ಕೆ ಕೈ ಹಾಕಿದ್ರೆ 7 ಬಂತು. ಸಣ್ಣ ಚೀಲದಲ್ಲಿ 7 ಬರೋ ಚಾನ್ಸ್ ಹತ್ತರಲ್ಲೊಂದು, ದೊಡ್ಡದರಲ್ಲಿ ಸಾವಿರದಲ್ಲೊಂದು, ಹಾಗಾಗಿ ಸಣ್ಣ ಚೀಲ ಅನ್ನೋದಕ್ಕೆ ನೂರು ಪಟ್ಟು ಒಲವು. ಈಗ ಚೀಟಿ ಬದಲು ಮನುಷ್ಯರು. ಇಲ್ಲಿವರೆಗೆ ಭೂಮಿ ಮೇಲೆ ಹುಟ್ಟಿದ ಮನುಷ್ಯರ ಸಂಖ್ಯೆ ಸುಮಾರು 11,700 ಕೋಟಿ ಅನ್ನೋ ಅಂದಾಜಿದೆ. ನಾವು ಆ ಸಾಲಲ್ಲಿ ಹೆಚ್ಚೂಕಮ್ಮಿ ಅಷ್ಟನೇ ನಂಬರ್‌ನವರು. ಮನುಷ್ಯ ಕುಲ ಇನ್ನೂ ಲಕ್ಷಾಂತರ ವರ್ಷ ಬಾಳಿ ಇದರ ಸಾವಿರ ಪಟ್ಟು ಜನ ಹುಟ್ಟೋದಿದ್ರೆ ನಾವು ಇಷ್ಟು ಆರಂಭದಲ್ಲಿ ಇರೋದು ವಿಚಿತ್ರ ಅಲ್ವಾ, ಆದ್ರಿಂದ ಸಣ್ಣ ಚೀಲಾನೇ ಇರ್ಬೇಕು, ಅಂತ್ಯ ಹತ್ತಿರ ಇರ್ಬೇಕು ಅನ್ನೋದು ವಾದ. ಕಾರ್ಟರ್, ತತ್ವಶಾಸ್ತ್ರಜ್ಞ ಜಾನ್ ಲೆಸ್ಲಿ ಇಬ್ಬರೂ ಇದನ್ನ ಬೆಳೆಸಿದ್ರು. ಖಭೌತವಿಜ್ಞಾನಿ ರಿಚರ್ಡ್ ಗಾಟ್ 1993ರಲ್ಲಿ "ನೇಚರ್" ಪತ್ರಿಕೆಯಲ್ಲಿ ಇದರದ್ದೇ ಒಂದು ರೂಪ ಬರೆದ್ರು, ಅವರು 1969ರಲ್ಲಿ ಬರ್ಲಿನ್ ಗೋಡೆ ನೋಡೋಕೆ ಹೋಗಿದ್ದಾಗ ಅದಕ್ಕೆ 8 ವರ್ಷ, ನಾನು ಇದನ್ನ ಇದರ ಆಯಸ್ಸಿನ ಯಾವುದೋ ಒಂದು ಸಾಮಾನ್ಯ ಹೊತ್ತಲ್ಲಿ ನೋಡ್ತಿದ್ದೀನಿ ಅಂತ ಇಟ್ಕೊಂಡು ಇನ್ನು ಎರಡೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿಯಿಂದ 24 ವರ್ಷದ ಒಳಗೆ ಹೋಗೋ ಚಾನ್ಸ್ ಅರ್ಧ ಅಂತ ಲೆಕ್ಕ ಹಾಕಿದ್ರು. ಗೋಡೆ 20 ವರ್ಷದ ಮೇಲೆ, 1989ರಲ್ಲಿ ಬಿತ್ತು.

ನಾನು ಇದನ್ನ ಮೊದಲು ಓದಿದಾಗ ಎರಡು ದಿನ ತಲೆಯಿಂದ ಹೋಗ್ಲಿಲ್ಲ. ಆಮೇಲೆ ಟಿಕೆಟ್ ಉಪಾಯ ಇಲ್ಲೂ ಹಾಕಿ ನೋಡಿದೆ. ಎರಡು ಪ್ರಪಂಚ, ಸಮ ಸಾಧ್ಯತೆ, ಒಂದರಲ್ಲಿ 10 ಜನ, ಇನ್ನೊಂದರಲ್ಲಿ 1000 ಜನ. ಎರಡರಲ್ಲೂ ಮೊದಲ 10 ಜನಕ್ಕೆ "ಇದು ಸಣ್ಣ ಪ್ರಪಂಚ" ಅನ್ನೋ ಟಿಕೆಟ್ ಮಾರ್ತಾರೆ, ಅದು ನಿಜ ಆದ್ರೆ ಅದೇ 100 ರೂಪಾಯಿ ವಾಪಸ್. ಒಟ್ಟು ಒಳ್ಳೇದನ್ನ ಕೂಡಿಸೋರಿಗೆ ಎರಡು ಪ್ರಪಂಚದಲ್ಲೂ ಲಾಭ ನಷ್ಟ ಆಗೋದು 10 ಜನಕ್ಕೇ, ಹಾಗಾಗಿ ಅವರು 50ರ ಮೇಲೆ ಒಂದು ರೂಪಾಯೀನೂ ಕೊಡಲ್ಲ, ಅವರಿಗೆ ಡೂಮ್ಸ್‌ಡೇ ವಾದ ಇದ್ದೂ ಇಲ್ಲದಂಗೆ. ಸರಾಸರಿ ನೋಡೋರಿಗೆ ದೊಡ್ಡ ಪ್ರಪಂಚದಲ್ಲಿ 10 ಜನರ ನಷ್ಟ 1000 ಜನರ ಮೇಲೆ ಹರಡಿ ನೀರಾಗಿ ಹೋಗುತ್ತೆ, ಸಣ್ಣದರಲ್ಲಿ ಪೂರ್ತಿ ಗಟ್ಟಿಯಾಗಿ ನಿಲ್ಲುತ್ತೆ, ಅವರು ಸಣ್ಣ ಪ್ರಪಂಚದ ಕಡೆಗೆ ಸರಿಯಾಗಿ ನೂರು ಪಟ್ಟು ವಾಲ್ತಾರೆ, ಚೀಲದ ಲೆಕ್ಕದಲ್ಲಿ ಬಂದ ಅದೇ ನೂರು. ಅಂತ್ಯ ಹತ್ತಿರ ಅನ್ನೋ ಭವಿಷ್ಯವಾಣಿ ತರ ಕಂಡಿದ್ದು, ಬಿಡಿಸಿ ನೋಡಿದ್ರೆ ಯಾರ ಒಳ್ಳೇದನ್ನ ಹೇಗೆ ಕೂಡಿಸ್ತೀಯ ಅನ್ನೋ ಪ್ರಶ್ನೆ. ಇದನ್ನ ಪೇಪರ್ ಮೇಲೆ ಮಾಡಿ ಮುಗಿಸಿದ ದಿನ ನನಗಾದ ಸಮಾಧಾನ ಇನ್ನೂ ನೆನಪಿದೆ.

ಮೂರರಲ್ಲೊಂದು ಅನ್ನೋರ ಕಡೆಗೂ ಒಂದು ಬಲವಾದ ಏಟಿದೆ, ತತ್ವಶಾಸ್ತ್ರಜ್ಞ ನಿಕ್ ಬಾಸ್ಟ್ರಂ ಕೊಟ್ಟಿದ್ದು, ದುಡುಕಿನ ತತ್ವಜ್ಞಾನಿ ಅಂತ. ಭೌತವಿಜ್ಞಾನಿಗಳ ಮುಂದೆ ಎರಡು ಸಿದ್ಧಾಂತ, ಎರಡನೇದು ನಿಜ ಆದ್ರೆ ವಿಶ್ವದಲ್ಲಿ ನೋಡೋರ ಸಂಖ್ಯೆ ಮೊದಲನೇದಕ್ಕಿಂತ ಲಕ್ಷ ಕೋಟಿ ಪಟ್ಟು ಜಾಸ್ತಿ. ಇನ್ನೇನು ಪ್ರಯೋಗ ಮಾಡಿ ತೀರ್ಮಾನ ಮಾಡ್ಬೇಕು ಅನ್ನೋವಾಗ ತತ್ವಜ್ಞಾನಿ ಬಂದು, ಪ್ರಯೋಗ ಬೇಡ, ಜನ ಜಾಸ್ತಿ ಇರೋ ಸಿದ್ಧಾಂತದಲ್ಲಿ "ನಾನು" ಇರೋ ಅವಕಾಶ ಜಾಸ್ತಿ, ಆದ್ರಿಂದ ಎರಡನೇದು ಲಕ್ಷ ಕೋಟಿ ಪಟ್ಟು ಹೆಚ್ಚು ಸಂಭವ ಅಂತಾನೆ. ಮೂರರಲ್ಲೊಂದು ಪಕ್ಷದ ತರ್ಕ ಎಳೆದ್ರೆ ಇಲ್ಲಿಗೇ ಬಂದು ನಿಲ್ಲುತ್ತೆ, ಮತ್ತೆ ಇದನ್ನ ನುಂಗೋದು ಕಷ್ಟ. ಗುರಿಯ ದಾರಿಯಲ್ಲಿ ಹೋದ್ರೆ ಇದು ಅಷ್ಟು ಭಯಂಕರ ಅಲ್ಲ. ಪ್ರಯೋಗ ಯಾವ ಕಡೆ ಬರುತ್ತೆ ಅಂತ ಒಂದು ವಿಶ್ವಕ್ಕೆ ಒಂದೇ ಬಾಜಿ ಕಟ್ಟೋದಾದ್ರೆ ಅರ್ಧರ್ಧ. ಎಲ್ಲಾ ಜೀವಿಗಳ ಒಟ್ಟು ಒಳಿತು ನೋಡಿ ಎಲ್ಲರೂ ಒಟ್ಟಿಗೆ ಬಾಜಿ ಕಟ್ಟೋದಾದ್ರೆ ಎರಡನೇದಕ್ಕೆ ಭಾರೀ ತೂಕ, ಅದು ಆ ಸಿದ್ಧಾಂತ ಹೆಚ್ಚು ನಿಜ ಅಂತ ಅಲ್ಲ, ಅಲ್ಲಿ ನಮ್ಮ ತೀರ್ಮಾನ ತಟ್ಟೋ ಜನ ಅಷ್ಟು ಜಾಸ್ತಿ ಅಂತ.

ಇಷ್ಟೆಲ್ಲಾ ಒಪ್ಕೊಂಡ ಮೇಲೂ ನನಗೊಂದು ಕಡೆ ಮುಳ್ಳು ಉಳಿದಿದೆ, ಅದನ್ನ ಮುಚ್ಚಿಡೋಕೆ ಇಷ್ಟ ಇಲ್ಲ. ಏನು ಮಾಡ್ಬೇಕು ಅನ್ನೋ ಪ್ರಶ್ನೆಗೆ ಆರ್ಮ್‌ಸ್ಟ್ರಾಂಗ್ ದಾರಿ ಸರಿ ಅಂತ ನನಗೆ ಪೂರ್ತಿ ಒಪ್ಪಿಗೆ. ಆದ್ರೆ ಎಲ್ಗಾ, ಲೂಯಿಸ್ ಕೇಳಿದ್ದು ಏನು ನಂಬಬೇಕು ಅಂತ. ನಮ್ಮ ಹುಡುಗಿ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿದ್ಲು, "ಚಿಮ್ಮಿದ್ದು 28/60", "ಎದ್ದಿದ್ದು 28/92", ಮೂರನೇದರಲ್ಲಿ ಎರಡು ತರದ ಟಿಕೆಟ್ ಬೆಲೆ, ಎಲ್ಲಾ ಸರಿ ಬಂತು. ಆಮೇಲೆ ಪೆನ್ ಮುಚ್ಚಿಟ್ಟು ಕೇಳಿದ್ಲು, "ಮಾಮ, ಯಾರೂ ಟಿಕೆಟ್ ಮಾರೋಕೆ ಬರ್ಲಿಲ್ಲ ಅಂದ್ರೆ? ಅವಳು ಎದ್ದು ಸುಮ್ನೆ ಸೂರು ನೋಡ್ತಾ ಮಲಗಿದ್ರೆ, ಆಗ ಎಷ್ಟು ಅಂದ್ಕೋಬೇಕು?"

ಆ ಪುಟ ಇನ್ನೂ ಹಾಗೇ ಇದೆ, ನಾಲ್ಕನೇ ಕಾಲಂಗೆ ಗೆರೆ ಎಳೆದಿದ್ದಾಳೆ, ಒಳಗೇನೂ ಬರ್ದಿಲ್ಲ.